ಬೋರ್ಡಿನ ಸೊಪ್ಪು

ಗುಂಡ್ಲುಪೇಟೆಯ ತರಕಾರಿ ಅಂಗಡಿಯ ನೀಲಕಂಠಸ್ವಾಮಿಯವರಿಗೆ, ನಿಮಗೆ ಸೊಪ್ಪು ಹಾಕುವ ಬೋರಯ್ಯನ ನಮಸ್ಕಾರ.

ಭಲೆ ಸ್ವಾಮಿ, ಭಲೆ! ಬಸುರಿ ಮಗಳು ಲಕ್ಷ್ಮಿದೇವಿಗೆಂದು ನಿನ್ನೆ ಹಿತ್ತಲ ದಂಟಿನ ಸೊಪ್ಪು ಒಯ್ದಿದ್ದೆ. ಅದಕ್ಕೆ ಹುಳದ ಔಷಧಿ ಸೋಕಿಸಿಲ್ಲ. ಅವಳು ಅದನ್ನು ಹಸುವಿಗೆ ಹಾಕಿದಳು.

"ನೀ ಔಸ್ದಿ ಒಡೀತೀಯ ಕಣಪ್ಪ. ನಂಗೆ ಅಂಗ್ಡಿ ಸೊಪ್ಪೇ ಸರಿ. ವಿಷಮುಕ್ತ ಅಂತ ಬೋರ್ಡಲ್ಲೇ ಬರ್ದವ್ರೆ" ಎಂದು ನಿಮ್ಮ ಕಟ್ಟು ಬಿಚ್ಚಿದಳು. ಬಾಳೆನಾರಿನ ಗಂಟು ನನ್ನದೇ! ಸೋಮವಾರ ಔಷಧಿ ಹೊಡೆದು ಬುಧವಾರ ನಾನೇ ನಿಮಗೆ ಕೊಟ್ಟ ಸೊಪ್ಪು. ಹಾಗೆಂದು, ಊರಹಬ್ಬದ ನಾಟಕದಲ್ಲಿ ಗುಡುಗುವಂತೆಯೇ ಗುಡುಗಿದೆ. "ಇಲ್ಲೂ ನಾಟ್ಕವಾ ಅಪ್ಪ?" ಎಂದು ನಕ್ಕಳು.

ಔಷಧಿ ಹೊಡೆದೆಯಾ ಎಂದು ನೀವು ಒಮ್ಮೆಯಾದರೂ ಕೇಳಿದಿರಾ? ಕೇಳದೆ ಬರೆಸಿದ್ದು ಮರೆವೋ, ಜಾಣತನವೋ?

ಇದರ ಜೊತೆ ಹಿತ್ತಲ ಸೊಪ್ಪು ಕಳಿಸಿದ್ದೇನೆ. ಲಕ್ಷ್ಮಿದೇವಿ ಬಂದರೆ ಅದನ್ನೇ ಕೊಡಿ. ಪೂರಾ ಬೆಲೆ ತೆಗೆದುಕೊಳ್ಳಿ, ಅಗ್ಗವಾದರೆ ಅನುಮಾನಪಟ್ಟಾಳು.

ಇತಿ,
ಚಂದಕವಾಡಿ ಬೋರಯ್ಯ