ಕದಿರಮ್ಮನ ಮನೆಗೆ ತಿರುಗಿದ ಬಾಣ

ಅಂಬಾಜಿದುರ್ಗದ ಬುಡದಿಂದ, 12-11-1991

ಅಪ್ಪನಿಗೆ ಶ್ಯಾಮಲಳ ನಮಸ್ಕಾರ.

ಕಾಲಿನ ಬೊಬ್ಬೆಯೊಂದು ಬಿಟ್ಟರೆ ಕ್ಷೇಮ. ನಮ್ಮ ಗುಂಪಿನ ಡಿಸೆಂಬರ್ ನಡಿಗೆಗೆ ದಾರಿ ಗೊತ್ತುಮಾಡಲು ನಿಮ್ಮ ನಕ್ಷೆ ಹಿಡಿದೇ ನಂದಿಯಿಂದ ಇಲ್ಲಿಯವರೆಗೆ ನಡೆದು ಬಂದೆ. ಏಳು ವರ್ಷದ ಹಿಂದೆ ನೀವೂ ಗೆಳೆಯರೂ ಬಂಡೆಗಳ ಮೇಲೆ ಬರೆದ ಸುಣ್ಣದ ಬಾಣಗಳು ಮಾಸಿದ್ದವು. ಎಲ್ಲಕ್ಕೂ ಮತ್ತೆ ಸುಣ್ಣ ಹಚ್ಚಿದೆ. ಇಲ್ಲಿಯದೊಂದು ಮಾತ್ರ ಬೆಳ್ಳಗೆ ಹೊಸದರಂತಿತ್ತು. ಅದನ್ನು ನಂಬಿ ನಡೆದರೆ ಬೆಟ್ಟಕ್ಕಲ್ಲ, ಒಂದು ಮನೆಯಂಗಳಕ್ಕೆ ಬಂದು ನಿಂತೆ!

ಆ ಮನೆಯ ಕದಿರಮ್ಮ ಪ್ರತಿ ಯುಗಾದಿಗೂ ಗೋಡೆಗೆ ಬಳಿದು ಮಿಕ್ಕ ಸುಣ್ಣದಲ್ಲಿ ಬಾಣವನ್ನೂ ಬರೆಯುತ್ತಾರಂತೆ, ತಮ್ಮ ಮನೆಯ ಕಡೆಗೆ ತಿರುಗಿಸಿ.

ಮೊದಲು ಬಾಣ ಬರೆದ ಮೇಷ್ಟ್ರ ಮಗಳೆಂದು ಹೇಳಿ, ನಕ್ಷೆ ತೋರಿಸಿ, "ಬೆಟ್ಟದ ದಾರಿ ಆ ಕಡೆ ಅಲ್ವಾ ಅಜ್ಜಿ?" ಅಂದೆ.

"ಬೆಟ್ಟ ಎಲ್ರಿಗೂ ಕಾಣ್ತದಮ್ಮ, ನೀರು ಕಾಣಲ್ವಲ್ಲ. ಆವತ್ತು ನಿಮ್ಮಪ್ಪ ಮೇಷ್ಟ್ರು ತಲೆ ಸುತ್ತಿ ಆ ಬಂಡೆ ಹತ್ರ ಕೂತಿದ್ರು. ಇಲ್ಲಿ ಬಂದು ಮಜ್ಜಿಗೆ ಕುಡಿದು, ಮುಂದಿನ ವರ್ಷ ಬರ್ತೀನಿ ಅಂದು ಹೋದ್ರು."

ತಲೆ ಸುತ್ತಿದ ಸಂಗತಿ ನೀವು ಮನೆಯಲ್ಲಿ ಹೇಳಲೇ ಇಲ್ಲ!

ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡಿ. ಚಿಂತಾಮಣಿಯಿಂದ ಬರುವ ಬಸ್ಸು ಇಳಿದರೆ ಈ ಮನೆಗೆ ಹತ್ತು ನಿಮಿಷ, ಏರೇ ಇಲ್ಲ. ಡಿಸೆಂಬರಿನಲ್ಲಿ ನೀವು ಇಲ್ಲಿಯವರೆಗೆ ಬಂದು ಕೂತಿರಿ, ನಾವು ಬೆಟ್ಟ ಹತ್ತಿಳಿದು ಬರುತ್ತೇವೆ. ಕೈಯಲ್ಲಿ ಸುಣ್ಣವಿದ್ದರೂ ಬಾಣ ತಿದ್ದಲಿಲ್ಲ, ನಿಮ್ಮ ನಕ್ಷೆಯನ್ನೇ ತಿದ್ದಿದ್ದೇನೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಪಕ್ಕದಲ್ಲೇ ಕೂತ ಕದಿರಮ್ಮ, "ಏಳು ವರ್ಷ ಆಯ್ತು, ಮಜ್ಜಿಗೆ ಹುಳಿ ಬರ್ತದೆ ಅಂತ ಬರಿಯಮ್ಮ" ಅನ್ನುತ್ತಿದ್ದಾರೆ.

ಶ್ಯಾಮಲ