ತಿಮಿಂಗಿಲದ ಹೊಟ್ಟೆ ಕೆಳಗೆ

ಮಾರ್ಚ್ 3, ಮಂಗಳವಾರ

ಮತ್ತೆ ಅದೇ. ಮ್ಯೂಸಿಯಂ ಮಹಡಿ ಹಾಲಲ್ಲಿ ಕಾವಲು ನಿಂತು ಸಂಜೆವರೆಗೂ "ಮುಟ್ಬೇಡಿ, ಮುಟ್ಬೇಡಿ". ಗಿಣಿಗೂ ಬೇಜಾರಾಗುತ್ತೆ. ತಲೆ ಮೇಲೆ ತಿಮಿಂಗಿಲದ ಅಸ್ಥಿಪಂಜರ. ಜನ ಕತ್ತೆತ್ತಿ ನೋಡ್ತಾರೆ, ಕತ್ತು ಹಿಡ್ಕೋತಾರೆ, ಹೋಗ್ತಾರೆ.

ಅಕ್ಕನಿಗೆ ಹೇಳಿದೆ. ನಕ್ಕಳು. "ನನ್ ಗಾಲಿಕುರ್ಚಿ ಹಿಂದಕ್ಕೆ ಮಲಗುತ್ತೆ ಕಣೋ. ಅದರ ಹೊಟ್ಟೆ ಕೆಳಗೆ ಮಲ್ಕೊಂಡು ಬಾಲದಿಂದ ಬಾಯಿವರೆಗೂ ನೋಡ್ತೀನಿ. ನಿಮ್ ಕತ್ತುಗಳು ಹಾಳಾಗ್ಲಿ."

ಭಾನುವಾರ ಮ್ಯೂಸಿಯಂನಲ್ಲಿ ಹೊಸ ಲಿಫ್ಟ್ ಶುರು. ಅವತ್ತೇ ಕರ್ಕೊಂಡು ಹೋಗ್ತೀನಿ ಅಂದೆ.

ಮಾರ್ಚ್ 8, ಭಾನುವಾರ

ರಿಬ್ಬನ್. ಫೋಟೋ. ಚಪ್ಪಾಳೆ. ಅಕ್ಕ ಹೊಸ ಬಟ್ಟೆ ಹಾಕ್ಕೊಂಡು ಬಂದಿದ್ದಳು.

ಕುರ್ಚಿ ಲಿಫ್ಟ್ ಬಾಗಿಲಲ್ಲೇ ಸಿಕ್ಕಿಕೊಂಡಿತು. ಅಳತೆ ತಗೊಂಡಿದ್ದು ಆಫೀಸಿನ ಮಡಚೋ ಗಾಲಿಕುರ್ಚಿ ಇಟ್ಕೊಂಡಂತೆ. ಅದು ಬರೀ ಕಡ್ಡಿ. ಅಕ್ಕನದು ಬೆನ್ನಿಗೆ ಅಚ್ಚು ಹಾಕಿಸಿದ ಸೀಟು. ಅದು ಬಿಟ್ಟರೆ ಕೂರೋಕೇ ಆಗಲ್ಲ.

ಸೂಪರ್‌ವೈಸರ್ ಬಂದ. "ಇದ್ರಲ್ಲಿ ಕೂರ್ಸಪ್ಪ, ಐದು ನಿಮಿಷ ತಾನೇ?"

"ಬೆನ್ನು ನಿಮ್ದು ಕೊಡ್ತೀರಾ?" ಅಂದೆ.

"ಹಂಗಾದ್ರೆ ನಾಲ್ಕು ಜನ ಎತ್ಕೊಂಡು..."

"ಆಸ್ಪತ್ರೆ ಮೆಟ್ಟಿಲಲ್ಲಿ ಎತ್ತಿದ್ರು ಸರ್. ಬೀಳ್ಸಿದ್ರು. ನಾನೇನು ಮೂಟೆನಾ?" ಅಂದಳು ಅಕ್ಕ. ನಗ್ತಾನೇ.

ದೇವರು ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರೆ. ಇಲ್ಲಿ ದೇವರೇ ಅಳತೆ ತಪ್ಪಿದ್ದಾನೆ.

ಮಾರ್ಚ್ 9, ಸೋಮವಾರ

ಮ್ಯೂಸಿಯಂ ಮೇಡಂ ರೂಮಿಗೆ ನುಗ್ಗಿದೆ. ಲಿಫ್ಟ್ ಬೇಡ, ಮೆಟ್ಟಿಲ ಮೇಲೆ ಹಲಗೆ ಹಾಕ್ಸಿ ಅಂದೆ.

"ಹಳೇ ಕಲ್ಲು ಕಣಪ್ಪ. ಗೀರು ಬೀಳುತ್ತೆ. ಯಾರೂ ಒಪ್ಪಲ್ಲ."

ತಿಂಗಳ ಕೊನೆಗೆ ತಿಮಿಂಗಿಲ ಬೇರೆ ಮ್ಯೂಸಿಯಂಗೆ ಹೋಗುತ್ತಂತೆ. ಅದನ್ನೂ ಅವರೇ ಹೇಳಿದ್ದು, ಆರಾಮಾಗಿ. ಕೂಗಾಡಿದೆ. ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು — ಕೂಗೋದು ಬಿಟ್ರೆ ಇನ್ನೇನು ಬರುತ್ತೆ? ಸಿಕ್ಕಿದ್ದು ಗೇಟ್ ಡ್ಯೂಟಿ.

ತಿಮಿಂಗಿಲ ಹೋಗೋ ವಿಷಯ ಅಕ್ಕನಿಗೆ ಹೇಳಲಿಲ್ಲ.

ಮಾರ್ಚ್ 20, ಶುಕ್ರವಾರ

ಹಾಲ್ ಬಂದ್. ಮೂಳೆ ಮೂಳೆ ಬಿಚ್ತಿದ್ದಾರೆ.

"ಹೆಂಗಿದಾನೋ ನನ್ ಹೀರೋ?" ಅಂದಳು ಅಕ್ಕ, ಊಟಕ್ಕೆ ಕೂತಾಗ.

ಚೆನ್ನಾಗಿದಾನೆ ಅಂದೆ. ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ಮಾರ್ಚ್ 27, ಶುಕ್ರವಾರ, ಮಧ್ಯಾಹ್ನ

ನೀರು ಕುಡಿಯೋಕೆ ಒಳಗೆ ಹೋದೆ. ಮೆಟ್ಟಿಲ ತುಂಬಾ ಹಲಗೆ! ಕೆಳಗಿಂದ ಮೇಲಿನವರೆಗೂ. ಮೇಲೆ ಮೆತ್ತಗೆ ಕಾರ್ಪೆಟ್. ಒಂದೇ ಬೆಳಗ್ಗೆ ಹಾಕಿದ್ದು. ಇಳಿಸುವಾಗ ಮೂಳೆಗೆ ಏಟಾಗಬಾರದಂತೆ. ಈಗ ಕಲ್ಲಿಗೆ ಗೀರು ಬೀಳಲ್ವಾ? ಸತ್ತ ಮೀನಿಗೆ ದಾರಿ ಇದೆ. ನನ್ನಕ್ಕನಿಗೆ...

"ನಿಮ್ಮಕ್ಕನ ಕುರ್ಚಿನೂ ಹತ್ತುತ್ತೆ ಕಣೋ, ಹಿಂದೆ ನಾವಿಬ್ರು ತಳ್ತೀವಿ," ಅಂದ ಹಲಗೆ ಹಾಕಿದ ಬಡಗಿ. ಲಿಫ್ಟ್ ಶುರುವಾದ ದಿನ ಅವನೂ ಅಲ್ಲೇ ಇದ್ದ. "ಬೇಗ ಕರ್ಸು. ಸಂಜೆ ಬಿಚ್ಬೇಕು."

ತಲೆಯಲ್ಲಿ ಬರೀ ಹಲಗೆ. ಮೇಲೆ ಹಾಲ್ ಖಾಲಿ ಅನ್ನೋದೂ ಹೊಳೀಲಿಲ್ಲ. ಫೋನ್ ಮಾಡಿದೆ. "ಬಾ. ಈಗ್ಲೇ ಬಾ."

ಅದೇ ದಿನ, ರಾತ್ರಿ

ಬಂದಳು. ಅದೇ ಹೊಸ ಬಟ್ಟೆ.

ಕೊನೇ ಗಾಡಿ ಇಳೀತಿತ್ತು. ತಿಮಿಂಗಿಲದ ತಲೆಬುರುಡೆ, ಕಂಬಳಿ ಸುತ್ತಿ. ಸುತ್ತ ಎಂಟು ಜನ, "ನಿಧಾನ, ನಿಧಾನ". ಅಕ್ಕನ ಮೊಣಕೈ ಪಕ್ಕದಲ್ಲೇ ಹೋಯಿತು. ಅವಳು ತಿರುಗಿಯೂ ನೋಡಲಿಲ್ಲ. ಹಲಗೆ ನೋಡ್ತಿದ್ದಳು. ಆ ಮುಖ...

"ಹಾಕ್ಸೇ ಬಿಟ್ಯಲ್ಲೋ ಪುಂಡ! ನನಗೋಸ್ಕರ!"

ಬಡಗಿ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ತಳ್ಳೋ. ಮೊದಲು ಬಾಲ ನೋಡ್ತೀನಿ."

ಹಿಡಿಕೆ ಹಿಡಿದೆ. ಮೇಲೆ ಬಾಲ ಇಲ್ಲ ಅಂತ ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ. ತಳ್ಳಿದೆ.