ಒಳಗೆ ಕನ್ನಡಿ, ಹೊರಗೆ ಜರಡಿ

ಹದಿನಾಲ್ಕನೇ ತಾರೀಖು, ಮಂಗಳವಾರ
ಗ್ಯಾರೇಜಿನ ಹಿತ್ತಲಿನಿಂದ

ಪ್ರೀತಿಯ ತಂಗೀ,

ನಿನಗೂ ಮನೆಮಂದಿಗೂ ಅಕ್ಕನ ಆಶೀರ್ವಾದ. ಕಾಗದ ತಡವಾಯಿತು, ಬೈಯಬೇಡ. ಬೈದರೂ ನನಗೆ ಕೇಳಿಸುವುದಿಲ್ಲ, ಇಲ್ಲಿ ಬೆಳಗಾದರೆ ಸುತ್ತಿಗೆಯ ಸದ್ದು. ಸಮುದ್ರದ ದಂಡೆಯಿಂದ ಬರೆಯುತ್ತೇನೆ ಎಂದು ಜಂಬ ಕೊಚ್ಚಿದ್ದೆನಲ್ಲ, ಈಗ ನೋಡು, ಎಣ್ಣೆ ಮೆತ್ತಿದ ಹಿತ್ತಲಿನಿಂದ ಬರೆಯುತ್ತಿದ್ದೇನೆ. ನಮ್ಮ ಮನೆಗಾಡಿ ಎಂಜಿನ್ ಬಿಚ್ಚಿಸಿಕೊಂಡು ಬಾಯಿ ಕಳೆದು ನಿಂತಿದೆ. ಅದರೊಳಗೇ ನಮ್ಮ ಅಡುಗೆ, ನಿದ್ದೆ, ಜಗಳ ಎಲ್ಲ. ಒಲೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಒಲೆಗೆ ಓಡಾಡಿ ನನಗೆ ತಲೆ ಕೆಟ್ಟುಹೋಗಿದೆ.

ಆದದ್ದು ಇಷ್ಟು. ಏರು ಹತ್ತುವಾಗ ಹಿಂದೆ ಬಿಳಿ ಹೊಗೆ ಎದ್ದಿತು. ನಿನ್ನ ಭಾವ ಗಾಡಿ ನಿಲ್ಲಿಸಿ ಎಂಜಿನ್ ಎಣ್ಣೆಯ ಕಡ್ಡಿ ಎಳೆದು ನೋಡಿದರೆ, ಎಣ್ಣೆ ಹಾಲು ಹೆಚ್ಚಾದ ಕಾಫಿಯ ಹಾಗಿದೆ. ನೀರು ಸೇರಿಕೊಂಡಿತ್ತು. ಲಾರಿಗೆ ಕಟ್ಟಿ ಇಲ್ಲಿಗೆ ಎಳೆಸಿಕೊಂಡು ಬಂದೆವು. ಇಲ್ಲಿಯ ಯಜಮಾನನಿಗೆ ನಾನು ಹಲ್ಲುಕಡ್ಡಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದೇನೆ. ಬಾಯಲ್ಲಿ ಸದಾ ಕಡ್ಡಿ, ಆದರೂ ಮಾತಿಗೆ ಬಿಡುವಿಲ್ಲ. ಹೊಗಳಿಕೊಳ್ಳುವುದರಲ್ಲಿ ಎತ್ತಿದ ಕೈ.

ಅವನು ಎಂಜಿನ್ನಿನಿಂದ ಒಂದು ದಪ್ಪ ಕೊಳವೆ ಎಳೆದು ನನ್ನ ಮುಂದಿಟ್ಟ. ಲೈನರ್ ಅಂತೆ. ದಿಂಬಿಗೆ ಗವಸು ಇದ್ದ ಹಾಗೆ, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗಕ್ಕೆ ಇದು ಗವಸು. ಸುತ್ತ ನೀರು ಹರಿಯುತ್ತಾ ಅದನ್ನು ತಣ್ಣಗಿಡುತ್ತದೆ.

“ಒಳಗೆ ನೋಡಿ ಅಮ್ಮಾ, ಕನ್ನಡಿ! ಮುಖ ನೋಡ್ಕೋಬಹುದು. ಈಗ ಹೊರಗೆ ನೋಡಿ, ಜರಡಿ!” ಎಂದ.

ನಿಜ ಕಣೇ, ಹೊರಮೈ ತುಂಬ ಹುಳು ಕೊರೆದಂಥ ತೂತು. ಒಂದೆರಡು ಒಳಗಿನವರೆಗೂ ಹೋಗಿದ್ದವು.

“ಎಂಜಿನ್ ಓಡುವಾಗ ಇದು ನಡುಗುತ್ತೆ. ಆ ನಡುಕಕ್ಕೆ ನೀರಲ್ಲಿ ಗುಳ್ಳೆ ಏಳುತ್ತವೆ. ಗುಳ್ಳೆ ಒಡೆದಾಗೆಲ್ಲ ಕಬ್ಬಿಣ ಚೂರುಚೂರೇ ಕಿತ್ತು ಹೋಗುತ್ತೆ. ನೀರಿಗೆ ಕೂಲೆಂಟ್ ದ್ರವ ಬೆರೆಸಿದ್ರೆ ಅದು ಮೈಗೆ ಪೊರೆ ಕಟ್ಟಿ ಕಾಯುತ್ತೆ. ನೀವು ಬರೀ ನೀರು ಕುಡಿಸಿದೀರಿ ಅಲ್ವಾ?”

ನನಗೆ ಮೈಯೆಲ್ಲ ಉರಿದುಹೋಯಿತು. “ಏನಯ್ಯಾ ಹಾಗಂದ್ರೆ? ಬಂಕ್ ಕಂಡಾಗೆಲ್ಲ ನಾನೇ ಕೂಲೆಂಟ್ ಡಬ್ಬ ತಂದು ಇವರ ಕೈಗೆ ಕೊಟ್ಟಿದೀನಿ!”

ನಿನ್ನ ಭಾವ ಉಗುರು ನೋಡಿಕೊಳ್ಳುತ್ತಾ, “ನಕಲಿ ಮಾಲು ಇರಬೇಕು” ಎಂದರು. ಡಬ್ಬ ಮಾರಿದ ಅಂಗಡಿಯವರಿಗೆಲ್ಲ ನಾನು ಹಿಡಿಶಾಪ ಹಾಕಿದೆ.

ಸಮಾಧಾನದ ಸುದ್ದಿಯೂ ಇದೆ. ಕೆಲವು ಎಂಜಿನ್ನುಗಳಲ್ಲಿ ಗವಸೇ ಇರುವುದಿಲ್ಲವಂತೆ, ಎಂಜಿನ್ನಿನ ಮೈಯಲ್ಲೇ, ಅಂದರೆ ಬ್ಲಾಕಿನಲ್ಲೇ, ನೇರ ಕೊರೆದಿರುತ್ತಾರಂತೆ. ತೂತು ಬಿದ್ದರೆ ಬ್ಲಾಕಿಗೇ ಸಂಚಕಾರ. ನಮ್ಮದು ಹಾಗಲ್ಲ, ಹಳೆಯದನ್ನು ಎಳೆದು ಹೊಸದನ್ನು ಕೂರಿಸಬಹುದು. “ಶುಕ್ರವಾರ ಲೈನರ್ ಬರುತ್ತೆ. ಕೂರಿಸ್ಲಾ, ಇಲ್ಲ ಗಾಡಿ ಇದ್ದ ಹಾಗೇ ಮಾರಿಬಿಡ್ತೀರಾ? ಕೇಳೋರು ಇದಾರೆ” ಎಂದ ಮೇಸ್ತ್ರಿ. ನಾನು ನಿನ್ನ ಭಾವನ ಮುಖ ನೋಡಿದೆ.

“ನೋಡೋಣ” ಎಂದರು.

ಆ ‘ನೋಡೋಣ’ ನಿನಗೆ ಗೊತ್ತಿರುವುದೇ. ಹೊಸ ಪರದೆ ತರೋಣ್ರೀ ಅಂದರೆ ನೋಡೋಣ. ತಂಗಿ ಮನೆಗೆ ಹೋಗಿಬರೋಣ್ರೀ ಅಂದರೆ ನೋಡೋಣ. ಆಯುಷ್ಯವೆಲ್ಲ ದೂರದ ಬಸ್ಸು ಓಡಿಸಿದ ಮನುಷ್ಯ, ಕಾಣದ ಊರಿಲ್ಲ. ನಾನೋ ಅದೇ ಅಡುಗೆಮನೆ, ಅದೇ ಕಿಟಕಿ, ಎದುರಿಗೆ ಅದೇ ಗೋಡೆ. “ನಿವೃತ್ತಿ ಆದ ಮೇಲಾದರೂ ನನಗೆ ಆ ಊರುಗಳನ್ನೆಲ್ಲ ತೋರಿಸಿ” ಎಂದಾಗ “ನೋಡೋಣ” ಎಂದರು. ಆ ಒಂದು ಸಲ ಮಾತ್ರ ನನಗೆ ಅದು ಮಾತು ಕೊಟ್ಟ ಹಾಗೆ ಕೇಳಿಸಿತು. ಊರೆಲ್ಲ ನೋಡೋಣ! ಬಾಡಿಗೆ ಮನೆ ಬಿಟ್ಟು, ಈ ಹಳೆಯ ಗಾಡಿ ಕೊಂಡು, ಅವರನ್ನು ಸ್ಟೀರಿಂಗಿನ ಮುಂದೆ ಕೂರಿಸಿಯೇಬಿಟ್ಟೆ.

ಈಗ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಅವರಿಗೋ ಹಬ್ಬ. ಗಾಡಿಯ ನೆರಳಲ್ಲಿ ಮಡಚುಕುರ್ಚಿ ಹಾಕಿಕೊಂಡಿದ್ದಾರೆ. ಎಣ್ಣೆ ಡಬ್ಬದಲ್ಲಿ ಟೊಮೆಟೊ ಗಿಡ ನೆಟ್ಟಿದ್ದಾರೆ. ಪಕ್ಕದ ಮನೆಯ ನಾಯಿಗೂ ಅವರಿಗೂ ಗಳಸ್ಯ ಕಂಠಸ್ಯ. ಮಲಗಿದರೆ ಬೆಳಗಿನವರೆಗೆ ಮಗ್ಗುಲು ಬದಲಿಸುವುದಿಲ್ಲ. “ನಾವೇನು ಇಲ್ಲೇ ಬೇರು ಬಿಡೋಕೆ ಬಂದ್ವಾ?” ಎಂದು ರೇಗಿದರೆ, “ಹಣ್ಣಾಗೋದಾದ್ರೂ ನೋಡ್ಕೊಂಡು ಹೋಗೋಣ ಕಣೇ” ಎನ್ನುತ್ತಾರೆ. ಗಿಡದಲ್ಲಿ ಇನ್ನೂ ಹೂವೇ ಬಿಟ್ಟಿಲ್ಲ!

ನಿಮ್ಮ ಮಹಡಿಯ ಕೋಣೆ ಖಾಲಿಯಿದೆ, ಬಂದು ಇದ್ದುಬಿಡಿ ಎಂದು ಬರೆದಿದ್ದೀಯಲ್ಲ, ಆ ಕಾಗದವನ್ನು ನಿನ್ನ ಭಾವ ಓದಿ ಮಡಚಿ ಜೇಬಲ್ಲಿಟ್ಟುಕೊಂಡರು. ನೀನು ಬೇಜಾರು ಮಾಡಿಕೊಳ್ಳಬೇಡ, ನಾನು ಒಲ್ಲೆ. ನನ್ನ ಕಾಲಿಗೆ ಚಕ್ರ ಇದೆ ಎಂದು ಅಮ್ಮ ಹೇಳುತ್ತಿದ್ದಳು, ಆ ಚಕ್ರ ಉರುಳಿದ್ದೇ ಈಗ. ಮೇಸ್ತ್ರಿಗೆ ನಾನೇ ಹೇಳಿಬಿಟ್ಟಿದ್ದೇನೆ, ಲೈನರ್ ಕೂರಿಸು ಎಂದು. ಶನಿವಾರಕ್ಕೆ ಸಮುದ್ರದ ದಾರಿ ಹಿಡಿಯುತ್ತೇವೆ.

ಮಂಡಿನೋವಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಮಕ್ಕಳು ಚೆನ್ನಾಗಿರಲಿ, ನಿಮ್ಮ ಮನೆ ಸದಾ ನಗುತಿರಲಿ, ನೀನು ನೂರು ಕಾಲ ಬಾಳು.

ನಿನ್ನ
ತಿರುಗಾಲ ತಿಪ್ಪಿ ಅಕ್ಕ

ತಾ.ಕ.: ಲಕೋಟೆ ಹುಡುಕಲು ಹಾಸಿಗೆಯ ಕೆಳಗಿನ ಪೆಟ್ಟಿಗೆಗೆ ಕೈ ಹಾಕಿದೆ. ಕಂಬಳಿಗಳ ಹಿಂದೆ ಕೂಲೆಂಟ್ ಡಬ್ಬಗಳು ಕೂತಿವೆ ಕಣೇ. ನಾನು ಕೊಂಡುಕೊಟ್ಟವೇ. ಒಂದರ ಸೀಲೂ ಒಡೆದಿಲ್ಲ. “ಬಿಸಿ ಇದೆ, ದೂರ ನಿಲ್ಲು” ಎಂದು ನನ್ನನ್ನು ಆಚೆ ಕಳಿಸಿ, ಇಷ್ಟು ದಿನವೂ ಎಂಜಿನ್ನಿಗೆ ಬರೀ ನಲ್ಲಿ ನೀರು ಹುಯ್ದಿದ್ದಾರೆ. ಬದುಕೆಲ್ಲ ಬಸ್ಸು ಓಡಿಸಿದವರಿಗೆ ಅದರಿಂದ ಏನಾಗುತ್ತದೆಂದು ಗೊತ್ತಿರಲಿಲ್ಲವೇ? ಗಾಡಿ ತಾನಾಗಿ ನಿಲ್ಲಲಿ ಎಂದು ಕಾದಿದ್ದಾರೆ. ಗಾಡಿ ಹಾಳಾಗಿಹೋಗಲಿ, ‘ತಿರುಗಿ ತಿರುಗಿ ನನಗೆ ಸಾಕಾಗಿದೆ’ ಎಂಬ ಒಂದು ಮಾತನ್ನು ನನ್ನೆದುರು ಆಡಲಾರದೆ ಹೋದರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ಅಳುವೂ ಬರುತ್ತಿದೆ. ಅವರ ‘ನೋಡೋಣ’ ಎಂದರೆ ‘ಬೇಡ’ ಎಂದು ನಿನಗೂ ಗೊತ್ತಿತ್ತು, ಪರದೆಯ ಅಂಗಡಿಯವನಿಗೂ ಗೊತ್ತಿತ್ತು.

ಡಬ್ಬಗಳ ಮೇಲೆ ಕಂಬಳಿ ಮುಚ್ಚಿ ಹೊರಗೆ ಬಂದೆ. ಅವರು ಗಿಡಕ್ಕೆ ಕಡ್ಡಿ ಊರಿ ದಾರ ಕಟ್ಟುತ್ತಿದ್ದರು. ಒಳಗಿನಿಂದ ಮೇಸ್ತ್ರಿ ಕೂಗಿದ, “ಅಮ್ಮಾ, ಶನಿವಾರ ಹೊರಡೋದು ಗಟ್ಟಿ ತಾನೆ?”

“ನೋಡೋಣ” ಎಂದೆ.

ನಿನ್ನ ಭಾವ ಗಿಡ ಬಿಟ್ಟು ತಲೆಯೆತ್ತಿ ನನ್ನನ್ನೇ ನೋಡಿದರು.